ಕಾಲುವೆಯ ಕೊನೆಭಾಗದಿಂದ ಶುರು ಮಾಡಿ: ಕಲಿಸುವ ಬಗೆಯನ್ನು ಬದಲಿಸಹೊರಟ ಭೂಗೋಳ ಅಧ್ಯಾಪಕರಿಗೆ

ವಿಶ್ವವಿದ್ಯಾಲಯದಲ್ಲಿ ‘ಬೋಧನೆ-ಕಲಿಕೆಯ ಗುಣಮಟ್ಟ ಸುಧಾರಣೆ’ಯ ಹೊಣೆಯನ್ನು ಯಾರಿಗೆ ಕೊಡಬೇಕು ಎಂಬ ಚರ್ಚೆ ನಡೆದಾಗ, ಸಾಮಾನ್ಯವಾಗಿ ಅಂದಿನ ಸಭೆಗೆ ಬಾರದವರ ಹೆಸರೇ ಅಂತಿಮವಾಗುತ್ತದೆ. ಹಾಗೆ ನಿಮ್ಮ ಹೆಸರು ಬಂದಿದ್ದರೆ, ನೀವು ಭೂಗೋಳಶಾಸ್ತ್ರದವರೂ ಆಗಿದ್ದರೆ, ಬೇಸರಪಡಬೇಕಿಲ್ಲ. ಈ ಕೆಲಸಕ್ಕೆ ನಿಮ್ಮಷ್ಟು ಒಗ್ಗುವವರು ಕ್ಯಾಂಪಸ್ಸಿನಲ್ಲಿ ಕಡಿಮೆ. ಕಲಾ ವಿಭಾಗದಲ್ಲಿದ್ದೂ ಪ್ರಾಯೋಗಿಕ ತರಗತಿ ನಡೆಸುವವರು ನೀವು. ಅಂಕಿಅಂಶ, ನಕ್ಷೆ, ಮಣ್ಣು, ಜನ ಎಲ್ಲವನ್ನೂ ಒಂದೇ ಪಾಠದಲ್ಲಿ ತರುವ ಅಭ್ಯಾಸ ನಿಮಗಿದೆ.

ಹೊರಗಿನ ನಿದರ್ಶನಗಳೂ ಇದನ್ನೇ ಹೇಳುತ್ತವೆ. ಬ್ರಿಟನ್ನಿನಲ್ಲಿ ರಾಷ್ಟ್ರೀಯ ಬೋಧನಾ ಫೆಲೋಶಿಪ್ 2000ದಲ್ಲಿ ಆರಂಭವಾದಾಗ ಮೊದಲ ತಂಡದಲ್ಲೇ ಆಯ್ಕೆಯಾದವರಲ್ಲಿ ಗ್ಲೌಸ್ಟರ್‌ಶೈರ್ ವಿಶ್ವವಿದ್ಯಾಲಯದ ಮಿಕ್ ಹೀಲಿ ಒಬ್ಬರು. ಅವರು ಆರ್ಥಿಕ ಭೂಗೋಳದ ಅಧ್ಯಾಪಕರು. ಅವರೂ ಇನ್ನೊಬ್ಬ ಭೂಗೋಳ ಅಧ್ಯಾಪಕ ಅಲನ್ ಜೆಂಕಿನ್ಸ್ ಅವರೂ ಪದೇ ಪದೇ ಒತ್ತಿ ಹೇಳಿದ್ದು ಒಂದೇ ಮಾತು: ಸಂಶೋಧನೆ ಪಿಎಚ್‌.ಡಿ.ಗೆ ಕಾಯಬೇಕಾದ ಸಂಗತಿಯಲ್ಲ, ಪದವಿಯ ಮೊದಲ ವರ್ಷದಿಂದಲೇ ವಿದ್ಯಾರ್ಥಿ ತಾನೇ ಹುಡುಕಿ ತಿಳಿಯಬೇಕು. ಉನ್ನತ ಶಿಕ್ಷಣದಲ್ಲಿ ಭೂಗೋಳ ಕಲಿಸುವುದು ಹೇಗೆ ಎಂಬುದಕ್ಕಾಗಿಯೇ ಅಲ್ಲಿ 1977ರಿಂದ ಒಂದು ಸಂಶೋಧನಾ ಪತ್ರಿಕೆ ನಡೆಯುತ್ತಿದೆ. ಅವರ ಮಾದರಿಯನ್ನು ಇಲ್ಲಿಗೆ ಹೊತ್ತು ತರಬೇಕಿಲ್ಲ. ಬಳ್ಳಾರಿ, ಕೊಪ್ಪಳ, ರಾಯಚೂರಿನಲ್ಲಿ ಕಲಿಸುವವರ ಕಷ್ಟಗಳು ಬೇರೆ: ಹೊಸ ವಿಶ್ವವಿದ್ಯಾಲಯಗಳು, ಅರ್ಧಕ್ಕೂ ತುಂಬದ ಹುದ್ದೆಗಳು, ಅತಿಥಿ ಉಪನ್ಯಾಸಕರ ಮೇಲೆ ನಿಂತ ವಿಭಾಗಗಳು. ಆ ಕಷ್ಟಗಳ ನಡುವೆ ಏನು ಮಾಡಬಹುದು ಎಂಬುದಷ್ಟೇ ಈ ಬರಹ.

ಮೊದಲ ಹೆಜ್ಜೆ: ಉತ್ತರಪತ್ರಿಕೆಗಳ ಕಟ್ಟು ಬಿಚ್ಚಿ

ಸಮಿತಿ ರಚಿಸಬೇಡಿ, ಕಾರ್ಯಾಗಾರ ಬೇಡ, ತಜ್ಞರನ್ನು ಕರೆಸುವುದೂ ಬೇಡ. ಕಳೆದ ಆಂತರಿಕ ಪರೀಕ್ಷೆಯ ಉತ್ತರಪತ್ರಿಕೆಗಳನ್ನು ಅಂಕ ಕೊಡುವ ಉದ್ದೇಶವಿಲ್ಲದೆ ಮತ್ತೊಮ್ಮೆ ಓದಿ. ನಕ್ಷೆ ಕೇಳಿದ ಪ್ರಶ್ನೆಯನ್ನು ಎಷ್ಟು ಮಂದಿ ಬಿಟ್ಟಿದ್ದಾರೆ? ಒಂದೇ ಗೈಡಿನ ವಾಕ್ಯ ಎಷ್ಟು ಪತ್ರಿಕೆಗಳಲ್ಲಿ ಅಕ್ಷರಶಃ ಬಂದಿದೆ? ಊರಿನ ಹೆಸರು, ಕಣ್ಣಾರೆ ಕಂಡ ಉದಾಹರಣೆ ಎಲ್ಲಾದರೂ ಇದೆಯೇ? ಈ ಮೂರಕ್ಕೆ ಉತ್ತರ ಗುರುತಿಸಿಟ್ಟುಕೊಂಡರೆ ಸಾಕು. ವರ್ಷದ ಕೊನೆಗೆ ಹೋಲಿಸಿ ನೋಡಲು ನಿಮಗೆ ಬೇಕಾದದ್ದು ಇದೇ.

ಸಿಂಧನೂರಿನ ಗದ್ದೆಯ ಬದುವಿನಲ್ಲಿ ಬೆಳೆದ ಹುಡುಗ ‘ನೀರಾವರಿಯ ದುಷ್ಪರಿಣಾಮಗಳು’ ಎಂಬ ಪ್ರಶ್ನೆಗೆ ಪಂಜಾಬಿನ ಉದಾಹರಣೆ ಬರೆದಿರುತ್ತಾನೆ. ಅವನ ಮನೆಯ ಹಿಂದಿನ ಹೊಲದಲ್ಲೇ ಉಪ್ಪು ಬಿಳಿಯಾಗಿ ಮೇಲೆದ್ದಿರುತ್ತದೆ. ಅದು ಉತ್ತರಪತ್ರಿಕೆಯಲ್ಲಿ ಬರೆಯಬಹುದಾದ ಸಂಗತಿ ಎಂದು ಅವನಿಗೆ ಯಾರೂ ಹೇಳಿರುವುದಿಲ್ಲ. ನೀವು ಸರಿಪಡಿಸಬೇಕಾದ ಕೊರತೆ ಇದು.

ಎರಡನೆಯದು: ಪ್ರಶ್ನೆಪತ್ರಿಕೆ

ಬಹಳ ಮಂದಿ ಇದನ್ನು ಕೊನೆಗೆ ಇಟ್ಟುಕೊಳ್ಳುತ್ತಾರೆ. ಮೊದಲು ಪಾಠ ಬದಲಿಸೋಣ, ಪ್ರೊಜೆಕ್ಟರ್ ತರಿಸೋಣ, ಗುಂಪು ಚರ್ಚೆ ನಡೆಸೋಣ ಎನ್ನುತ್ತಾರೆ. ವಿದ್ಯಾರ್ಥಿಗಳು ನಮಗಿಂತ ಜಾಣರು. ಪರೀಕ್ಷೆಯಲ್ಲಿ ಏನು ಕೇಳುತ್ತಾರೋ ಅದಕ್ಕೆ ತಕ್ಕಷ್ಟೇ ಓದುತ್ತಾರೆ. ಪ್ರಶ್ನೆ ಹಳೆಯದೇ ಉಳಿದರೆ ಹೊಸ ಪಾಠ ಅವರ ಪಾಲಿಗೆ ಬಿಡುವಿನ ವೇಳೆಯ ಮನರಂಜನೆ.

ಒಂದು ಪ್ರಶ್ನೆಯನ್ನೇ ಹತ್ತಿರದಿಂದ ನೋಡೋಣ. ವರ್ಷಗಳಿಂದ ಬರುತ್ತಿರುವ ರೂಪ: ‘ತುಂಗಭದ್ರಾ ವಿವಿಧೋದ್ದೇಶ ಯೋಜನೆಯನ್ನು ವಿವರಿಸಿ. (10 ಅಂಕ)’. ಇದಕ್ಕೆ ಸಿದ್ಧ ಉತ್ತರ ಎಲ್ಲ ಗೈಡುಗಳಲ್ಲೂ ಇದೆ. ಅದನ್ನೇ ಹೀಗೆ ಕೇಳಿ:

‘ತುಂಗಭದ್ರಾ ಜಲಾಶಯದ ಮೂಲ ಸಾಮರ್ಥ್ಯ ಸುಮಾರು 133 ಟಿಎಂಸಿ ಅಡಿ, ಹೂಳು ತುಂಬಿ ಈಗ ಸುಮಾರು 105 ಟಿಎಂಸಿ ಅಡಿಗೆ ಇಳಿದಿದೆ. (ಅ) ಶೇಕಡಾ ಎಷ್ಟು ಸಾಮರ್ಥ್ಯ ಕಡಿಮೆಯಾಗಿದೆ? (ಆ) ಕೊಟ್ಟಿರುವ ನಕ್ಷೆಯಲ್ಲಿ ಎಡದಂಡೆ ಕಾಲುವೆಯ ಮೇಲ್ಭಾಗದ ಒಂದು ಊರು, ಕೊನೆಭಾಗದ ಒಂದು ಊರು ಗುರುತಿಸಿ. (ಇ) ನೀರು ಕಡಿಮೆಯಾದ ವರ್ಷ ಇವೆರಡರಲ್ಲಿ ಯಾವ ಊರಿನ ಬೆಳೆ ಮೊದಲು ಒಣಗುತ್ತದೆ? ಕಾರಣಗಳೇನು? ನೀವು ಕಂಡ ಅಥವಾ ವಿಚಾರಿಸಿ ತಿಳಿದ ಒಂದು ಉದಾಹರಣೆ ಕೊಡಿ.’

ಲೆಕ್ಕಕ್ಕೆ 2 ಅಂಕ, ನಕ್ಷೆಗೆ 2, ಕಾರಣಗಳಿಗೆ 4, ಸ್ವಂತ ಉದಾಹರಣೆಗೆ 2. ಈ ಹಂಚಿಕೆಯನ್ನು ಪ್ರಶ್ನೆಯ ಜೊತೆಗೇ ಮುದ್ರಿಸಿ. ಲೆಕ್ಕದ ಉತ್ತರ ಶೇಕಡಾ 21ರ ಆಸುಪಾಸು ಬರಬೇಕು, ಕಾರಣಗಳಲ್ಲಿ ಮೇಲ್ಭಾಗದ ಭತ್ತದ ಪ್ರಸ್ತಾಪ ಇರಲೇಬೇಕು ಎಂದು ಮೌಲ್ಯಮಾಪಕರಿಗೆ ಪ್ರತ್ಯೇಕ ಸೂಚನೆ ಬರೆದುಕೊಡಿ. ಕೇಂದ್ರೀಕೃತ ಮೌಲ್ಯಮಾಪನದ ಗಡಿಬಿಡಿಯಲ್ಲಿ ಯೋಚಿಸಿ ಬರೆದ ಉತ್ತರಕ್ಕೆ ಅನ್ಯಾಯವಾಗುವುದು ಇಂಥ ಸೂಚನೆ ಇಲ್ಲದಿರುವುದರಿಂದಲೇ. ಸೂಚನೆ ಸ್ಪಷ್ಟವಾಗಿದ್ದರೆ ಬೇರೆ ಕಾಲೇಜಿನ ಮೌಲ್ಯಮಾಪಕರೂ ತಕರಾರು ತೆಗೆಯುವುದಿಲ್ಲ.

ಆಂತರಿಕ ಪರೀಕ್ಷೆ ನಿಮ್ಮ ಕೈಯಲ್ಲಿದೆ, ನಾಳೆಯೇ ಬದಲಿಸಬಹುದು. ಸೆಮಿಸ್ಟರ್ ಪರೀಕ್ಷೆಯ ದಾರಿ ಅಧ್ಯಯನ ಮಂಡಳಿಯ ಮೂಲಕ ಹೋಗುತ್ತದೆ. ಅಲ್ಲಿ ಇಡೀ ಪಠ್ಯಕ್ರಮ ಬದಲಿಸೋಣ ಎಂದು ಹೊರಟರೆ ವರ್ಷ ಕಳೆಯುತ್ತದೆ. ಪ್ರತಿ ಪತ್ರಿಕೆಯಲ್ಲಿ ನಕ್ಷೆ ಅಥವಾ ಅಂಕಿಅಂಶ ಆಧರಿಸಿದ ಒಂದು ಪ್ರಶ್ನೆ ಕಡ್ಡಾಯವಾಗಿರಲಿ ಎಂಬ ಒಂದೇ ಸಾಲಿನ ನಿರ್ಣಯ ಕೇಳಿ, ಮಾದರಿ ಪ್ರಶ್ನೆಗಳನ್ನು ಜೊತೆಗೆ ಒಯ್ಯಿರಿ. ಒಂದೇ ಸಾಲಿನ ನಿರ್ಣಯವನ್ನು ವಿರೋಧಿಸುವುದು ಕಷ್ಟ.

ಇನ್ನೊಂದು ಎಚ್ಚರಿಕೆ. ನಮ್ಮ ರಾಜ್ಯದಲ್ಲಿ 2021-22ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿಯ ಪಠ್ಯಕ್ರಮ ಬಂತು, 2024-25ರಿಂದ ಮತ್ತೆ ಮೂರು ವರ್ಷದ ಪದವಿಗೆ ಮರಳಿದೆವು. ಒಂದೇ ಕಾಲೇಜಿನಲ್ಲಿ ಎರಡು ಬಗೆಯ ಪಠ್ಯಕ್ರಮ ಒಟ್ಟಿಗೆ ನಡೆದ ಗೊಂದಲ ಎಲ್ಲರಿಗೂ ನೆನಪಿದೆ. ಆದ್ದರಿಂದ ನಿಮ್ಮ ಸುಧಾರಣೆಯನ್ನು ಯಾವುದೇ ಪಠ್ಯಕ್ರಮದ ಹೆಸರಿಗೆ ಕಟ್ಟಿಹಾಕಬೇಡಿ. ಕಾಲುವೆಯ ಮೇಲಿನ ಅಭ್ಯಾಸವನ್ನು ಕೃಷಿ ಭೂಗೋಳದ ಪತ್ರಿಕೆಯಲ್ಲಿ ಬಳಸಬಹುದು, ಜಲಸಂಪನ್ಮೂಲದ ಪತ್ರಿಕೆಯಲ್ಲೂ ಬಳಸಬಹುದು. ಪತ್ರಿಕೆಯ ಸಂಕೇತಸಂಖ್ಯೆ ಬದಲಾದರೂ ಅಭ್ಯಾಸ ಉಳಿಯುತ್ತದೆ.

ಮೂರನೆಯದು: ಪ್ರವಾಸವನ್ನು ಪಾಠವಾಗಿಸಿ

ಇಲ್ಲಿ ಸ್ವಲ್ಪ ಹೆಚ್ಚು ಹೊತ್ತು ನಿಲ್ಲುತ್ತೇನೆ. ಭೂಗೋಳದ ಅಧ್ಯಾಪಕರು ಬೇರೆ ವಿಭಾಗಗಳಿಗೆ ಮಾದರಿಯಾಗುವುದಿದ್ದರೆ ಅದು ಈ ಹೆಜ್ಜೆಯಿಂದಲೇ.

ಈಗ ನಡೆಯುತ್ತಿರುವುದು ಏನು? ವರ್ಷಕ್ಕೊಮ್ಮೆ ಬಾಡಿಗೆ ಬಸ್ಸು, ನಾಲ್ಕು ದಿನ, ಕರಾವಳಿ ಅಥವಾ ಊಟಿ, ಕೊನೆಗೆ ಎಲ್ಲರದೂ ಒಂದೇ ವರದಿ. ಖರ್ಚು ಭರಿಸಲಾಗದ ಮಕ್ಕಳು ಬರುವುದಿಲ್ಲ, ಆದರೂ ವರದಿ ಸಲ್ಲಿಸುತ್ತಾರೆ! ಸಮುದ್ರ ನೋಡಬೇಡಿ ಎನ್ನುತ್ತಿಲ್ಲ. ಅದನ್ನು ಪ್ರವಾಸ ಎಂದೇ ಕರೆಯೋಣ. ಕ್ಷೇತ್ರಕಾರ್ಯವನ್ನು ಮಾತ್ರ ಬೆಳಿಗ್ಗೆ ಹೋಗಿ ಸಂಜೆ ಬರುವ ದೂರಕ್ಕೆ ತನ್ನಿ, ಮತ್ತೆ ಮತ್ತೆ ನಡೆಸಿ. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ವಿದ್ಯಾರ್ಥಿನಿಯರಿಗೆ ಸಾಮಾನ್ಯ ಸರ್ಕಾರಿ ಬಸ್ಸುಗಳಲ್ಲಿ ಟಿಕೆಟ್ ಹಣವಿಲ್ಲ. ಹುಡುಗರ ಪಾಸು ನಿಗದಿತ ಮಾರ್ಗಕ್ಕೆ ಮಾತ್ರ ನಡೆಯುವುದರಿಂದ ಅವರ ಟಿಕೆಟ್ಟಿಗೆ ವಿಭಾಗದಿಂದ ಸಣ್ಣ ಮೊತ್ತ ತೆಗೆದಿಡಿ. ಬಾಡಿಗೆ ಬಸ್ಸಿನ ಖರ್ಚಿನ ಮುಂದೆ ಅದು ಏನೂ ಅಲ್ಲ.

ಕೊಪ್ಪಳ-ರಾಯಚೂರು ಕಡೆಯವರಿಗೆ ತುಂಗಭದ್ರಾ ಎಡದಂಡೆ ಕಾಲುವೆಗಿಂತ ಒಳ್ಳೆಯ ಪ್ರಯೋಗಾಲಯ ಸಿಗದು. ಉದ್ದ 227 ಕಿ.ಮೀ., ಅಂದರೆ 141 ಮೈಲು. ರೈತರು ಇಂದಿಗೂ ಈ ಕಾಲುವೆಯನ್ನು ಮೈಲಿನಲ್ಲೇ ಅಳೆಯುತ್ತಾರೆ. ‘69ನೇ ಮೈಲಿನಲ್ಲಿ ಗೇಜ್ (ನೀರಿನ ಮಟ್ಟ) ಕಾಪಾಡಿ’ ಎಂಬುದು ಪ್ರತಿ ವರ್ಷದ ಹೋರಾಟದ ಬೇಡಿಕೆ. ಐದೈದು ವಿದ್ಯಾರ್ಥಿಗಳ ಗುಂಪು ಮಾಡಿ, ಪ್ರತಿ ಗುಂಪಿಗೆ ಕಾಲುವೆಯ ಒಂದು ಭಾಗ ಕೊಡಿ: ಮುನಿರಾಬಾದ್, ಗಂಗಾವತಿ, ಕಾರಟಗಿ, ಸಿಂಧನೂರು, ಮಾನ್ವಿ, ಸಿರವಾರ. ಆ ಕಡೆಯ ಊರಿನವರೇ ಗುಂಪಿನ ಮುಂದಾಳಾಗಲಿ. ಕೊನೆಭಾಗಕ್ಕೆ ಮೊದಲು ಹೋಗಿ ಬರಲಿ. ಅಣೆಕಟ್ಟೆಯಿಂದ ಶುರು ಮಾಡಿದರೆ ಯೋಜನೆಯ ಹಿರಿಮೆಯೇ ತಲೆ ತುಂಬುತ್ತದೆ, ಪ್ರಶ್ನೆ ಹುಟ್ಟುವುದಿಲ್ಲ. ಸಿರವಾರದ ಬಳಿ ಒಣಗಿದ ಉಪಕಾಲುವೆಯಲ್ಲಿ ನಿಂತು, ಆಮೇಲೆ ಕಾರಟಗಿಯ ತುಂಬಿದ ಗದ್ದೆ ನೋಡಿದವರು ತಾವಾಗಿಯೇ ‘ಯಾಕೆ ಹೀಗೆ ಸರ್?’ ಎಂದು ಕೇಳುತ್ತಾರೆ.

ಪ್ರತಿ ಗುಂಪಿನ ಕೈಯಲ್ಲಿ ಒಂದೇ ಹಾಳೆಯ ನಮೂನೆ ಇರಲಿ. ಹೊಲದಲ್ಲಿ ನಿಂತಿರುವ ಬೆಳೆ ಯಾವುದು? ಕಾಲುವೆಯ ನೀರು ಕೊನೆಯ ಸಲ ಬಂದದ್ದು ಎಂದು? ಮಣ್ಣು ಎರೆಯೋ (ಕಪ್ಪು) ಮಸಾರಿಯೋ (ಕೆಂಪು)? ಮೇಲೆ ಉಪ್ಪಿನ ಪದರ ಇದೆಯೇ? ಕೊಳವೆಬಾವಿ ಎಷ್ಟು ಆಳ? ನಾಟಿಗೆ ಎಕರೆಗೆ ಕೂಲಿ ಎಷ್ಟು, ಕೂಲಿಯವರು ಬರುವುದು ಎಲ್ಲಿಂದ? ಒಬ್ಬ ರೈತ, ಒಬ್ಬ ಕೂಲಿ ಮಹಿಳೆ, ಕಾಲುವೆಯ ಒಬ್ಬ ಗ್ಯಾಂಗ್‌ಮನ್, ಈ ಮೂವರನ್ನು ಮಾತನಾಡಿಸುವುದು ಕಡ್ಡಾಯ. ರೈತನೊಬ್ಬನನ್ನೇ ಕೇಳಿ ಬಂದರೆ ನೀರಿನ ಕಥೆ ಅರ್ಧ ಮಾತ್ರ ಸಿಗುತ್ತದೆ. ಗಂಗಾವತಿ, ಸಿಂಧನೂರು ಸುತ್ತಿನ ‘ಕ್ಯಾಂಪ್’ಗಳಿಗೂ ಹೋಗಲಿ. ನೀರಾವರಿ ಬಂದ ಮೇಲೆ ಆಂಧ್ರದಿಂದ ಬಂದು ನೆಲೆಸಿದವರ ಈ ಊರುಗಳು ವಲಸೆ, ಜನವಸತಿ, ಬೆಳೆ ಪದ್ಧತಿ ಮೂರು ಅಧ್ಯಾಯಗಳನ್ನೂ ಒಂದೇ ಬೀದಿಯಲ್ಲಿ ತೋರಿಸುತ್ತವೆ. ತೆಲುಗು ಮಾತನಾಡುವ ವಿದ್ಯಾರ್ಥಿ ಅಂದು ತರಗತಿಯ ಅತಿ ಮುಖ್ಯ ವ್ಯಕ್ತಿಯಾಗುತ್ತಾನೆ.

ಮರಳಿ ಬಂದ ಮೇಲೆ ಎಲ್ಲ ಗುಂಪುಗಳ ಹಾಳೆಗಳನ್ನು ಮೈಲು ಸಂಖ್ಯೆಯ ಕ್ರಮದಲ್ಲಿ ಗೋಡೆಗೆ ಅಂಟಿಸಿ. ಮೇಲ್ಭಾಗದಲ್ಲಿ ಭತ್ತ, ಕೆಳಕ್ಕೆ ಹೋದಂತೆ ಹತ್ತಿ, ಜೋಳ, ತೊಗರಿ, ಕೆಲವೆಡೆ ಬೀಳು ನೆಲ ಸಾಲಾಗಿ ಕಾಣಿಸಬೇಕು. ಕಾಣಿಸದಿದ್ದರೆ ಅದೂ ಒಳ್ಳೆಯದೇ, ಏಕೆ ಎಂದು ಹುಡುಕಲಿ. ಈ ಯೋಜನೆಯಲ್ಲಿ ಬಹುಪಾಲು ಭೂಮಿಯನ್ನು ಕಡಿಮೆ ನೀರಿನ ಬೆಳೆಗೆಂದು ಗುರುತಿಸಲಾಗಿತ್ತು, ಮೇಲ್ಭಾಗದಲ್ಲಿ ಭತ್ತ ಹಬ್ಬಿದ್ದರಿಂದ ಕೊನೆಗೆ ನೀರು ತಲುಪುವುದಿಲ್ಲ ಎಂಬುದನ್ನು ನೀವು ಹೇಳುವ ಮೊದಲೇ ಗೋಡೆ ಹೇಳಿರುತ್ತದೆ. 2024ರ ಆಗಸ್ಟ್ 10ರ ರಾತ್ರಿ ಅಣೆಕಟ್ಟೆಯ 33 ಗೇಟುಗಳಲ್ಲಿ 19ನೆಯದು ಕೊಚ್ಚಿಹೋದಾಗ ಮನೆಮನೆಯಲ್ಲೂ ಏಕೆ ಆತಂಕ ಕವಿಯಿತು ಎಂಬುದನ್ನು ವಿವರಿಸಲು ಬೇರೆ ಉಪನ್ಯಾಸ ಬೇಕಾಗುವುದಿಲ್ಲ.

ಬಳ್ಳಾರಿಯವರು ಹಗರಿ ನದಿಯ ಮರಳು, ಸಂಡೂರಿನ ಗಣಿ ಬೆಟ್ಟಗಳು, ಊರ ನಡುವಿನ ಗ್ರಾನೈಟ್ ಕಲ್ಲಿನ ಗುಡ್ಡ, ಸಿರುಗುಪ್ಪದ ಭತ್ತದ ಬಯಲು ಇವುಗಳಲ್ಲಿ ಯಾವುದನ್ನಾದರೂ ಹಿಡಿಯಬಹುದು. ಗಣಿ ಪ್ರದೇಶಕ್ಕೆ ಅನುಮತಿ ಸಿಗುವುದು ತಡವಾಗುತ್ತದೆ. ರಸ್ತೆ ಬದಿಯ ಎಲೆಗಳ ಮೇಲಿನ ಕೆಂಪು ದೂಳನ್ನು ದೂರಕ್ಕೆ ತಕ್ಕಂತೆ ದಾಖಲಿಸಲು ಯಾರ ಅನುಮತಿಯೂ ಬೇಕಿಲ್ಲ.

ಕೆಲವು ಕಟ್ಟುನಿಟ್ಟುಗಳು ಇರಲಿ. ಕಾಲುವೆಯ ಇಳಿಜಾರು ಗೋಡೆಯ ಮೇಲೆ ಯಾರೂ ಕಾಲಿಡಬಾರದು. ಜಾರಿದರೆ ಈಜು ಬಲ್ಲವರಿಗೂ ಹತ್ತಿ ಬರುವುದು ಕಷ್ಟ. ನೀರಿನ ಹತ್ತಿರ ಸೆಲ್ಫಿ ಬೇಡ. ಪೋಷಕರ ಒಪ್ಪಿಗೆ ಪತ್ರ, ಗುಂಪಿನೊಡನೆ ಒಬ್ಬ ಮಹಿಳಾ ಸಹೋದ್ಯೋಗಿ, ಕುಡಿಯುವ ನೀರು, ಓಆರ್‌ಎಸ್ ಪೊಟ್ಟಣ ಇಲ್ಲದೆ ಹೊರಡಬೇಡಿ. ನವೆಂಬರ್‌ನಿಂದ ಜನವರಿಯೊಳಗೆ ಮುಗಿಸಿ. ಬಳ್ಳಾರಿಯಲ್ಲಿ ಇರುವುದು ಎರಡೇ ಕಾಲ, ಬೇಸಿಗೆ ಮತ್ತು ಕಡು ಬೇಸಿಗೆ ಎಂಬ ಮಾತು ತಮಾಷೆಯದಾದರೂ ಏಪ್ರಿಲ್‌ನಲ್ಲಿ ಮಕ್ಕಳನ್ನು ಹೊಲಕ್ಕೆ ಕರೆದೊಯ್ದವರಿಗೆ ತಮಾಷೆ ಎನಿಸುವುದಿಲ್ಲ.

ನಕ್ಷೆ ಮತ್ತು ಮೊಬೈಲ್

ಕಂಪ್ಯೂಟರ್ ಪ್ರಯೋಗಾಲಯ ಇಲ್ಲ ಎಂಬ ನೆಪ ಈಗ ನಡೆಯದು. ಭಾರತೀಯ ಸರ್ವೇಕ್ಷಣಾ ಇಲಾಖೆಯ ಸ್ಥಳಾಕೃತಿ ನಕ್ಷೆಗಳು ಇಂಟರ್ನೆಟ್ಟಿನಲ್ಲಿ ಸಿಗುತ್ತವೆ. ಹಳೆಯ ಸರಣಿಯಲ್ಲಿ ಬಳ್ಳಾರಿ, ಹೊಸಪೇಟೆ, ಕೊಪ್ಪಳ ಮೂರೂ 57ಎ ಹಾಳೆಯ ವ್ಯಾಪ್ತಿಗೆ ಬರುತ್ತವೆ. 1:50,000 ಪ್ರಮಾಣದಲ್ಲಿ ಎರಡು ಸೆಂಟಿಮೀಟರ್ ಎಂದರೆ ಒಂದು ಕಿಲೋಮೀಟರ್. ವಿದ್ಯಾರ್ಥಿ ಮೊದಲು ತನ್ನ ಊರಿನಿಂದ ಹೋಬಳಿ ಕೇಂದ್ರಕ್ಕೆ ದಾರದಿಂದ ಅಳೆಯಲಿ, ಆಮೇಲೆ ಆ ದೂರವನ್ನು ಬಸ್ ಟಿಕೆಟ್ಟಿನ ಹಿಂದೆ ಬರೆದುಕೊಂಡು, ದಾರಿಯ ಕಿಲೋಮೀಟರ್ ಕಲ್ಲುಗಳೊಡನೆ ಹೋಲಿಸಿ ಪರೀಕ್ಷಿಸಲಿ. ಇಸ್ರೋದ ಭುವನ್ ತಾಣ, ಗೂಗಲ್ ಅರ್ಥ್‌ನ ಹಳೆಯ ಚಿತ್ರಗಳು, ಉಚಿತವಾಗಿ ಸಿಗುವ, ನಕ್ಷೆ ತಯಾರಿಸುವ ಕ್ಯೂಜಿಐಎಸ್ ತಂತ್ರಾಂಶ ಇವು ನಂತರದ ಮಾತು. ಕಾಗದದ ಮೇಲೆ ಸಮೋನ್ನತಿ ರೇಖೆ (ಒಂದೇ ಎತ್ತರದ ಜಾಗಗಳನ್ನು ಸೇರಿಸುವ ಗೆರೆ) ಓದಲು ಬಾರದವರಿಗೆ ತಂತ್ರಾಂಶ ಕಲಿಸಿದರೆ ಬಣ್ಣ ತುಂಬುವುದನ್ನಷ್ಟೇ ಕಲಿಯುತ್ತಾರೆ.

ಸುಲಭವಾದ ಒಂದು ಅಭ್ಯಾಸ: ಹಳೆಯ ನಕ್ಷೆಯಲ್ಲಿ ಹುಲ್ಲುಗಾವಲು ಅಥವಾ ಕೆರೆಯಂಗಳ ಎಂದು ತೋರಿಸಿದ ಜಾಗದಲ್ಲಿ ಇಂದು ಎಷ್ಟು ಭಾಗ ಬಳ್ಳಾರಿ ಜಾಲಿ ಆವರಿಸಿದೆ ಎಂದು ಉಪಗ್ರಹ ಚಿತ್ರದ ಮೇಲೆ ಗುರುತಿಸಿ, ನಂತರ ಹೋಗಿ ನೋಡಿ ಬರುವುದು. ಮುಳ್ಳು ಚುಚ್ಚಿಸಿಕೊಂಡು ಬಂದವರ ನಕ್ಷೆ ನಿಖರವಾಗಿರುತ್ತದೆ.

ಸಹೋದ್ಯೋಗಿಗಳ ವಿಷಯ

ನಾಯಕತ್ವ ಎಂಬುದು ಕಷ್ಟವಾಗುವುದು ಇಲ್ಲಿ. ‘ನಿಮ್ಮ ತರಗತಿಗೆ ಬಂದು ನೋಡುತ್ತೇನೆ’ ಎಂದ ಕ್ಷಣವೇ ನೀವು ತಪಾಸಣಾಧಿಕಾರಿ ಆಗುತ್ತೀರಿ. ಬದಲಿಗೆ, ‘ಮೇಡಂ, ಗುರುವಾರ ನನ್ನ ತರಗತಿಗೆ ಬಂದು ಹಿಂದೆ ಕೂತಿರಿ, ನಾನು ಎಷ್ಟು ಹೊತ್ತು ಒಬ್ಬನೇ ಮಾತನಾಡುತ್ತೇನೆ ಅನ್ನುವುದನ್ನು ಗಡಿಯಾರ ನೋಡಿ ಬರೆದುಕೊಡಿ’ ಎಂದು ಕೇಳಿ. ಒಂದೇ ವಿಷಯ, ಅಳೆಯಬಹುದಾದ ವಿಷಯ. ಅಂದಿನ ಚಹಾ ವೇಳೆಗೆ ಆ ಅಂಕಿಯನ್ನು ನೀವೇ ಎಲ್ಲರ ಮುಂದೆ ಹೇಳಿ. ಎರಡು ತಿಂಗಳಲ್ಲಿ ಯಾರಾದರೊಬ್ಬರು ನಿಮ್ಮನ್ನು ತಮ್ಮ ತರಗತಿಗೆ ಕರೆಯುತ್ತಾರೆ. ಕರೆಯದಿದ್ದರೆ ಒತ್ತಾಯ ಬೇಡ.

ಅತಿಥಿ ಉಪನ್ಯಾಸಕರ ಮಾತು ಬೇರೆ. ನಮ್ಮ ಕಾಲೇಜುಗಳಲ್ಲಿ ಅವರಿಲ್ಲದೆ ತರಗತಿಗಳೇ ನಡೆಯುವುದಿಲ್ಲ, ಆದರೂ ಸುಧಾರಣೆಯ ಸಭೆಗಳಿಗೆ ಅವರನ್ನು ಕರೆಯುವುದಿಲ್ಲ. ಕರೆದರೂ ಸಂಬಳವಿಲ್ಲದ ಕೆಲಸ ಹೊರಿಸಲು ಕರೆಯುತ್ತಾರೆ. ಕ್ಷೇತ್ರಕಾರ್ಯದ ಗಂಟೆಗಳನ್ನು ಅವರ ಕಾರ್ಯಭಾರದಲ್ಲಿ ಸೇರಿಸಲು ಪ್ರಾಂಶುಪಾಲರ ಲಿಖಿತ ಒಪ್ಪಿಗೆ ಮೊದಲು ಪಡೆಯಿರಿ. ಅವರು ತಯಾರಿಸಿದ ನಮೂನೆ, ಪ್ರಶ್ನೆ, ನಕ್ಷೆಯ ಮೇಲೆ ಅವರದೇ ಹೆಸರಿರಲಿ. ಮುಂದಿನ ವರ್ಷದ ಆಯ್ಕೆ ಪ್ರಕ್ರಿಯೆಯಲ್ಲಿ ಅದು ಅವರಿಗೆ ಉಪಯೋಗಕ್ಕೆ ಬರದಿರಬಹುದು, ಆದರೆ ಅವರ ಕೆಲಸವನ್ನು ಮತ್ತೊಬ್ಬರು ನುಂಗಿಹಾಕುವುದಂತೂ ತಪ್ಪುತ್ತದೆ.

ಬೇರೆ ವಿಭಾಗಗಳಿಗೆ ಹಬ್ಬಿಸಲು ಉಪದೇಶಕ್ಕಿಂತ ಜೊತೆ ಕೆಲಸ ಮೇಲು. ಇತಿಹಾಸದವರನ್ನು ಮಸ್ಕಿಯ ಅಶೋಕನ ಶಾಸನಕ್ಕೋ ಹಿರೇಬೆಣಕಲ್ಲಿನ ಶಿಲಾಸಮಾಧಿಗಳಿಗೋ ಜೊತೆಗೆ ಕರೆದೊಯ್ಯಿರಿ: ಶಾಸನ ಅಲ್ಲೇ ಏಕಿದೆ ಎಂಬುದು ನಿಮ್ಮ ಪ್ರಶ್ನೆ, ಏನು ಹೇಳುತ್ತದೆ ಎಂಬುದು ಅವರದು. ಸಂಖ್ಯಾಶಾಸ್ತ್ರದವರಿಗೆ ಕಾಲುವೆಯ ಹಾಳೆಗಳ ಅಂಕಿ ಕೊಡಿ. ಕನ್ನಡ ವಿಭಾಗದವರು ವರದಿಗಳ ಭಾಷೆ ತಿದ್ದಲು ಸಾಮಾನ್ಯವಾಗಿ ಖುಷಿಯಿಂದಲೇ ಒಪ್ಪುತ್ತಾರೆ, ಕೆಂಪು ಶಾಯಿ ಸ್ವಲ್ಪ ಹೆಚ್ಚೇ ಖರ್ಚಾಗುತ್ತದೆ.

ಕಡತಗಳು

ಐಕ್ಯೂಎಸಿ (ಕಾಲೇಜಿನ ಆಂತರಿಕ ಗುಣಮಟ್ಟ ಖಾತರಿ ಕೋಶ), ನ್ಯಾಕ್ (ರಾಷ್ಟ್ರೀಯ ಮೌಲ್ಯಾಂಕನ ಮತ್ತು ಮಾನ್ಯತಾ ಮಂಡಳಿ) ಎಂದು ಮುಖ ಸಿಂಡರಿಸಬೇಡಿ. 1994ರಲ್ಲಿ ಸ್ಥಾಪನೆಯಾದ ನ್ಯಾಕ್‌ನ ಮಾನದಂಡಗಳಲ್ಲಿ ಬೋಧನೆ, ಕಲಿಕೆ ಮತ್ತು ಮೌಲ್ಯಮಾಪನಕ್ಕೇ ಪ್ರತ್ಯೇಕ ವಿಭಾಗವಿದೆ. ನೀವು ಮಾಡುತ್ತಿರುವುದನ್ನೇ ಅದು ಕೇಳುತ್ತದೆ. ತೊಂದರೆ ಇರುವುದು ನಮ್ಮ ದಾಖಲೆಯ ರೀತಿಯಲ್ಲಿ. ಬ್ಯಾನರ್ ಹಿಡಿದು ನಿಂತ ಗುಂಪು ಚಿತ್ರ ಕಲಿಕೆಗೆ ಸಾಕ್ಷಿಯಲ್ಲ. ಮೊದಲ ಆಂತರಿಕ ಪರೀಕ್ಷೆಯ ಮೂರು ಉತ್ತರಪತ್ರಿಕೆ, ಕ್ಷೇತ್ರಕಾರ್ಯದ ಹಾಳೆ, ನಂತರದ ಪರೀಕ್ಷೆಯ ಅದೇ ಮೂವರ ಉತ್ತರಪತ್ರಿಕೆ ಒಟ್ಟಿಗೆ ಇಟ್ಟರೆ ಬಂದವರಿಗೆ ವಿವರಣೆಯೇ ಬೇಡ. ಆಯಾ ದಿನದ ಕಾಗದವನ್ನು ಆಯಾ ದಿನವೇ ಫೈಲಿಗೆ ಹಾಕಿ. ನ್ಯಾಕ್ ತಂಡ ಬರುವ ಹಿಂದಿನ ವಾರ ಸಹಿ ಸಂಗ್ರಹಿಸುವ ಪದ್ಧತಿಯಿಂದ ಎಲ್ಲರ ಮರ್ಯಾದೆಯೂ ಹೋಗುತ್ತದೆ.

ವಿದ್ಯಾರ್ಥಿಗಳ ಅಭಿಪ್ರಾಯ ಪಡೆಯುವುದನ್ನು ಸೆಮಿಸ್ಟರ್ ಕೊನೆಗೆ ಬಿಡಬೇಡಿ. ಆರನೇ ವಾರದ ಹೊತ್ತಿಗೆ ಹೆಸರಿಲ್ಲದ ಚೀಟಿಯಲ್ಲಿ ಎರಡೇ ಪ್ರಶ್ನೆ ಕೇಳಿ: ಯಾವುದು ಅರ್ಥವಾಗಲಿಲ್ಲ? ಮುಂದಿನ ವಾರ ಏನು ಬದಲಿಸಬೇಕು? ಮರುವಾರ ತರಗತಿಯಲ್ಲಿ ಏನು ಬದಲಿಸಿದ್ದೀರಿ, ಯಾವುದನ್ನು ಏಕೆ ಬದಲಿಸುವುದಿಲ್ಲ ಎಂದು ಹೇಳಿ. ಇಷ್ಟು ಮಾಡದೆ ಚೀಟಿ ಕೇಳಿದರೆ ಎರಡನೇ ಸಲ ಎಲ್ಲರೂ ‘ಚೆನ್ನಾಗಿದೆ’ ಎಂದು ಬರೆದು ಕೈತೊಳೆದುಕೊಳ್ಳುತ್ತಾರೆ.

ವರ್ಗಾವಣೆಗೆ ಮೊದಲು

ಸರ್ಕಾರಿ ಕಾಲೇಜಿನವರಾದರೆ ವರ್ಗಾವಣೆ ಯಾವಾಗ ಬೇಕಾದರೂ ಬರಬಹುದು. ಒಬ್ಬರ ಉತ್ಸಾಹದಿಂದ ನಡೆದದ್ದು ಅವರ ಬೆನ್ನಿಗೇ ನಿಂತುಹೋಗುವುದನ್ನು ನಮ್ಮ ಕಡೆ ಬೇಕಾದಷ್ಟು ಕಂಡಿದ್ದೇವೆ. ಆದ್ದರಿಂದ ಮೊದಲ ವರ್ಷದಿಂದಲೇ ಜೊತೆಗೆ ಇನ್ನೊಬ್ಬರು ಇರಲಿ, ಎರಡನೇ ವರ್ಷ ಕಾಲುವೆಯ ಅಭ್ಯಾಸವನ್ನು ಅವರೇ ನಡೆಸಲಿ, ನೀವು ಟಿಕೆಟ್ ಲೆಕ್ಕ ನೋಡಿಕೊಳ್ಳಿ. ನಮೂನೆಗಳು, ಅಂಕ ಹಂಚಿಕೆ, ಮಾದರಿ ಪ್ರಶ್ನೆಗಳು, ರೈತರ ಒಪ್ಪಿಗೆಯೊಂದಿಗೆ ಪಡೆದ ವಿವರಗಳು ಒಂದು ಕಬ್ಬಿಣದ ಬೀರುವಿನಲ್ಲೂ ವಿಭಾಗದ ಇಮೇಲ್ ಖಾತೆಯಲ್ಲೂ ಇರಲಿ. ಖಾತೆ ನಿಮ್ಮ ಸ್ವಂತ ಮೊಬೈಲ್ ಸಂಖ್ಯೆಗೆ ಜೋಡಣೆಯಾಗಿರಬಾರದು. ಓಟಿಪಿಗಾಗಿ ಮೂರು ವರ್ಷದ ನಂತರವೂ ನಿಮಗೆ ಕರೆ ಬರುತ್ತದೆ. ಬೀರುವಿನ ಬಾಗಿಲ ಒಳಗೆ ಒಂದು ಪಟ್ಟಿ ಅಂಟಿಸಿ: ಯಾವ ಮೈಲಿನ ಯಾವ ಊರಿಗೆ ಯಾವ ವರ್ಷ ಹೋಗಿ ಬಂದದ್ದಾಗಿದೆ, ಯಾವುದು ಬಾಕಿ ಇದೆ, ಆ ಊರಿನಲ್ಲಿ ಮೊದಲು ಯಾರನ್ನು ಕಾಣಬೇಕು.